ತೂಮೆ ನಾಡಿನಲ್ಲಿ ಒಂದು ‘ನೋಡೋಣ’

ಹೂಡಿಯ ನಮ್ಮ ಮನೆಯಲ್ಲಿ ಈಗ ರಿಪೇರಿ ನಡೆಯುತ್ತಿದೆ. ಮೂರು ಮಹಡಿಯಲ್ಲೂ ಸಿಮೆಂಟಿನ ಧೂಳು. ಅದರ ನಡುವೆ ಒಂದು ಕುರ್ಚಿ ಒರೆಸಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯಲು ಹೇಳಿದವಳು ಕುಂದಲಹಳ್ಳಿಯಲ್ಲಿರುವ ನನ್ನ ಮಗಳು ಸವಿತಾ. “ಅಮ್ಮ, ಗೇಟ್ ಹತ್ರ ಸಿಕ್ಕಿದೋರಿಗೆಲ್ಲ ಅದೇ ಕಥೆ ಹೇಳ್ತಾ ನಿಂತ್ಕೋತೀಯ, ಒಳಗಡೆ ಹಾಲು ಉಕ್ಕಿ ಹೋಗತ್ತೆ. ಒಂದ್ಸಲ ಬರ್ದಿಟ್ಬಿಡು” ಎಂದಳು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಇಡೀ ಶಾಲೆಗೆ ಮೊದಲು ಬಂದವಳು ನಾನು. ಆ ಕನ್ನಡವನ್ನೆಲ್ಲ ಇಷ್ಟು ವರ್ಷ ‘ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು’ ಎಂಬಂಥ ಬೋರ್ಡು ಬರೆಯುವುದಕ್ಕೇ ಖರ್ಚು ಮಾಡಿದೆ. ಈಗ ಒಂದು ನಾಡಿನ ಬಗ್ಗೆ ಬರೆಯುವ ಯೋಗ ಬಂದಿದೆ, ಬಿಡುವುದುಂಟೇ?

ನನ್ನ ಹೆಸರು ಜಯಮ್ಮ. ನಮ್ಮ ಮಾವನವರು ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ಹದಿನಾಲ್ಕು ರೂಮುಗಳಿವೆ. ಕೆಳಗೆ ಯಾದಗಿರಿ ಕಡೆಯ ಗಾರೆ ಕೆಲಸದವರು, ನಡುವಿನ ಮಹಡಿಯಲ್ಲಿ ಕಂಪ್ಯೂಟರ್ ಕೆಲಸದ ಹೆಣ್ಣುಮಕ್ಕಳು, ಮೇಲಿನ ಒಂಟಿ ರೂಮಿನಲ್ಲಿ ಓಯಿ. ಓಯಿ ಆಕಾಶದವನು. ನಮ್ಮ ಹೂಡಿಗೆ ಎಲ್ಲೆಲ್ಲಿಂದಲೋ ಬಾಡಿಗೆಗೆ ಬರುತ್ತಾರೆ. ಆಕಾಶದವರು ಬಂದಾಗಲೂ ಇಲ್ಲಿನ ಓನರುಗಳು ಕೇಳಿದ್ದು ಎರಡೇ ಪ್ರಶ್ನೆ: ನೀರು ಜಾಸ್ತಿ ಬಳಸುತ್ತಾರಾ, ನಾನ್‌ವೆಜ್ ಮಾಡುತ್ತಾರಾ. ಎರಡಕ್ಕೂ ಇಲ್ಲ ಎಂದಿದ್ದರಿಂದ ರೂಮು ಕೊಟ್ಟೆ. ಎತ್ತರ ನನ್ನ ಭುಜದಷ್ಟು, ಕೈ ನಾಲ್ಕು, ಕುತ್ತಿಗೆಯ ಸುತ್ತ ಐದು ಕಣ್ಣು. ಕಷ್ಟವೆಲ್ಲ ಹೆಸರಿನದು. ಮೆಟ್ಟಿಲ ಬುಡದಲ್ಲಿ ನಿಂತು ‘ಓಯೀ’ ಎಂದು ಕೂಗಿದರೆ ಬೀದಿಯಲ್ಲಿ ಹೋಗುವ ನಾಲ್ಕು ಜನ ತಿರುಗಿ ನನ್ನನ್ನು ದುರುಗುಟ್ಟುತ್ತಿದ್ದರು.

ಹತ್ತಿರದ ಟೆಕ್ ಪಾರ್ಕಿನಲ್ಲಿ ಕೂತು ಕನ್ನಡದಿಂದ ತೂಮೆ ಭಾಷೆಗೆ ನಿಘಂಟು ಮಾಡುವುದು ಅವನ ಕೆಲಸ. ತೂಮೆ ಎಂದರೆ ಅವನ ನಾಡು. ನೆಲವಿಲ್ಲದ ನಾಡು, ಹಡಗುಗಳ ಮೇಲೇ ಇರುವ ಜನ. ಒಂದು ಬೆಳಿಗ್ಗೆ ನಾಲ್ಕೂ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಕೆಳಗಿಳಿದು ಬಂದ. ತೂಮೆಯವರು ನನ್ನನ್ನು ರಾಜ್ಯದ ಅತಿಥಿಯಾಗಿ ಕರೆದಿದ್ದರು. ‘ಆಡಳಿತದಲ್ಲಿ ಅಸಾಧಾರಣ ಪರಿಣತಿ ಉಳ್ಳವರು’ ಎಂದು ಕಾಗದದಲ್ಲಿತ್ತು. ಸವಿತಾ ಅದನ್ನು ಎರಡು ಸಲ ಓದಿ, “ಅಮ್ಮ, ಅಡ್ರೆಸ್ ಸರಿಯಾಗಿ ನೋಡಿದ್ಯಾ?” ಎಂದಳು. ನನಗೇನೂ ಆಶ್ಚರ್ಯವಾಗಲಿಲ್ಲ. ಒಂದು ಮೋಟರು, ಒಂದು ಟ್ಯಾಂಕು, ಹದಿನಾಲ್ಕು ರೂಮು. ಇದನ್ನು ಗಲಾಟೆಯಿಲ್ಲದೆ ನಡೆಸುವವರು ಏನು ಬೇಕಾದರೂ ನಡೆಸಬಲ್ಲರು ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ಹೂಡಿಯಿಂದ ಬೊಮ್ಮಸಂದ್ರಕ್ಕೆ

ತೂಮೆಯ ವಾಹನ ನಿಂತಿದ್ದು ಬೊಮ್ಮಸಂದ್ರದ ಆಚೆ ಒಂದು ಗೋದಾಮಿನ ಹಿಂದೆ. ಅಲ್ಲಿಗೆ ತಲುಪುವಷ್ಟರಲ್ಲಿ ನಾನೂ ಓಯಿಯೂ ಕಾರಿನಲ್ಲೇ ತಿಂಡಿ ತಿಂದು, ಊಟ ಮಾಡಿ, ಒಂದು ಸುತ್ತು ಜಗಳವಾಡಿ ರಾಜಿಯಾಗಿದ್ದೆವು. ಫ್ಯಾಕ್ಟರಿಗಳ ಶಿಫ್ಟು ಬಿಟ್ಟಿತ್ತು. ರಸ್ತೆ ತುಂಬ ಬಸ್ಸು, ಬೈಕು. ಆಕಾಶಕ್ಕೆ ಹೋಗುವ ಹೆಂಗಸು ಎಂದು ಒಬ್ಬರಾದರೂ ದಾರಿ ಬಿಡಬೇಕಲ್ಲ? ಅಲ್ಲಿಂದ ಮುಂದಕ್ಕೆ ಚಂದ್ರನನ್ನು ದಾಟಿ ಅವರ ಹಡಗು ಸೇರುವುದು ಮಾತ್ರ ಒಂದು ನಿದ್ದೆಯ ದಾರಿ.

ಆ ನಿದ್ದೆಯೂ ಪೂರ್ತಿಯಾಗಲಿಲ್ಲ. ಸವಿತಾ ನನ್ನ ಬ್ಯಾಗಿನಲ್ಲಿ ಕಡಲೆಬೀಜದ ಚಟ್ನಿಪುಡಿ ಇಟ್ಟು, ಡಬ್ಬಿಯ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿ, ಟೇಪು ಹಚ್ಚುವ ಹೊತ್ತಿಗೆ ಫೋನು ಬಂದು ಟೇಪಿನ ಸುರುಳಿಯನ್ನೂ ಬ್ಯಾಗಿಗೇ ಎಸೆದಿದ್ದಳು. ಮೈಯ ತೂಕ ಹೋಗುತ್ತಿದ್ದಂತೆ ಮುಚ್ಚಳ ಬಿಚ್ಚಿಕೊಂಡಿತು. ಚಟ್ನಿಪುಡಿ ಮೆಲ್ಲಗೆ ಎದ್ದು ಬಂದು ವಾಹನದ ತುಂಬ ಓಡಾಡಿತು. ನನಗಿರುವುದು ಎರಡೇ ಕಣ್ಣು, ಮುಚ್ಚಿಕೊಂಡೆ. ಪಾಪ, ಓಯಿ ಐದನ್ನು ನಾಲ್ಕು ಕೈಯಲ್ಲಿ ಮುಚ್ಚಿಕೊಳ್ಳಲು ಹೋಗಿ ಒಂದು ಉಳಿದುಹೋಯಿತು. ಆದರೂ ಅವನು ಬೈಯಲಿಲ್ಲ. “ರುಚಿ ಚೆನ್ನಾಗಿದೆ ಓನರಕ್ಕ” ಎಂದ.

ಮೊದಲ ದಿನ: ಮಫ್ಲರಿನವರು

ಇಳಿದಾಗ ನನ್ನನ್ನು ಎದುರುಗೊಳ್ಳಲು ನೂರಾರು ಜನ ನಿಂತಿದ್ದರು. ಎಲ್ಲರ ಕುತ್ತಿಗೆಗೂ ದಪ್ಪ ಮಫ್ಲರು, ಎಲ್ಲರ ಕಣ್ಣೂ ಅದರೊಳಗೆ. ಇಡೀ ನಾಡಿಗೇ ನೆಗಡಿ ಬಂದಿದೆ ಎಂದುಕೊಂಡೆ. ಆಮೇಲೆ ಒಬ್ಬ ಹಿರಿಯ ಮುಂದೆ ಬಂದು ತನ್ನ ಮಫ್ಲರನ್ನು ಇಳಿಸಿದ. ಹಿಂದೆಯೇ ಎಲ್ಲರೂ ಇಳಿಸಿದರು. ಅಷ್ಟೊಂದು ಕಣ್ಣು ಒಟ್ಟಿಗೆ ತೆರೆದು ನನ್ನನ್ನು ನೋಡಿದಾಗ ನಾನು ಸೆರಗು ಸರಿಮಾಡಿಕೊಂಡೆ. ಅದು ಅವರು ಕೊಡುವ ಅತಿ ದೊಡ್ಡ ಮರ್ಯಾದೆ ಎಂದು ಓಯಿ ಕಿವಿಯಲ್ಲಿ ಹೇಳಿದ. ತೂಮೆಯಲ್ಲಿ ಒಬ್ಬರನ್ನು ಕಣ್ಣುಬಿಟ್ಟು ನೋಡಿದರೆ ಅವರ ಹೊಣೆ ಹೊತ್ತಂತೆ. ಹೊಣೆ ಹೊರುವಂತಿಲ್ಲದಿದ್ದರೆ ಮಫ್ಲರು ಏರಿಸಿಕೊಂಡು ಹೋಗಬೇಕು.

“ಬನ್ನಿ ಮೇಡಂ, ನೀವು ಬಂದಿದ್ದು ಸಕ್ಕತ್ ಖುಷಿ ಆಯ್ತು” ಎಂದ ಹಿರಿಯ. ಹಾಗೆಂದವನು ಓಯಿ ಅನ್ನಿ; ಹಿರಿಯ ಹೇಳಿದ್ದು ತೂಮೆ ಭಾಷೆಯಲ್ಲಿ. ಓಯಿ ಪ್ರತಿ ಮಾತಿಗೂ ಸ್ವಲ್ಪ ತಡಕಾಡಿ ಕನ್ನಡಕ್ಕೆ ತರುತ್ತಿದ್ದ. ಅವನು ಕನ್ನಡ ಕಲಿತದ್ದು ನಮ್ಮ ಬೀದಿಯಲ್ಲಿ. ಹಾಗಾಗಿ ತೂಮೆಯ ಗಣ್ಯರೆಲ್ಲ ನನ್ನ ಕಿವಿಗೆ ಹೂಡಿ ಬಸ್‌ಸ್ಟಾಪಿನಲ್ಲಿ ನಿಂತವರ ಹಾಗೆ ಕೇಳಿಸಿದರು. ಅದರಿಂದ ನನಗೆ ಪರದೇಶದ ಅಂಜಿಕೆಯೇ ಆಗಲಿಲ್ಲ. ಅಂಥ ಭಾಷಾಂತರಕಾರ ಎಲ್ಲ ಪ್ರವಾಸಿಗರಿಗೂ ಸಿಗಲಿ.

ಎರಡನೆಯ ದಿನ: ನೋಡಿದವರೇ ಮಾಡಬೇಕು

ಹಡಗು ಎಂದರೆ ಬಳೆಗಳನ್ನು ಸಾಲಾಗಿ ಜೋಡಿಸಿದಂತೆ. ಒಂದೊಂದು ಬಳೆ ಒಂದೊಂದು ಕೇರಿ. ಕೇರಿಯಲ್ಲಿ ನಡೆಯುತ್ತ ನಾನು ಓಯಿಯನ್ನು ಕೇಳಿದೆ.

“ನಿಮ್ಮಲ್ಲಿ ಸಿಎಂ ಯಾರಪ್ಪ?”

“ಇಲ್ಲ ಓನರಕ್ಕ.”

“ಎಮ್ಮೆಲ್ಲೆ?”

“ಇಲ್ಲ.”

“ಅಂಗಾದ್ರೆ ಬೈಯೋದು ಯಾರ್ನ?”

ಅವರ ಆಡಳಿತ ಇಷ್ಟೇ: ಯಾವುದನ್ನು ಯಾರು ನೋಡಿದರೋ ಅದನ್ನು ಅವರೇ ಸರಿಮಾಡಬೇಕು. ಕಾಗದವಿಲ್ಲ, ಕಚೇರಿಯಿಲ್ಲ. ಇದು ತಿಳಿಯುವ ಮುಂಚೆ ನಾನು ಬರಿಗಣ್ಣಿನಲ್ಲಿ ಸುತ್ತಾಡಿಬಿಟ್ಟಿದ್ದೆ. ಬಾಡಿದ ಗಿಡಗಳ ಒಂದು ಸಾಲು ನೋಡಿದೆ; ತಕ್ಷಣ ಕೈಗೆ ನೀರಿನ ಪಾತ್ರೆ ಬಂತು, ಅರ್ಧ ದಿನ ಗಿಡಗಳಿಗೆ ನೀರು ಹಾಕಿದೆ. ಬಿಸಿಗಾಳಿ ಬರುವ ಒಂದು ಕಿಂಡಿಗಾಗಿ ಎರಡು ಮನೆಯವರು ಕಿತ್ತಾಡುತ್ತಿದ್ದರು. ಕುತೂಹಲಕ್ಕೆ ನಿಂತೆ. ಇಬ್ಬರೂ ಬಾಯಿ ಮುಚ್ಚಿ ನನ್ನ ತೀರ್ಪಿಗೆ ಕಾದರು. ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುವುದಕ್ಕೆ ಮಾಡಿದ ಹಾಗೆ ಒಂದು ದಿನ ಬಿಟ್ಟು ಒಂದು ದಿನ ಎಂದು ಹಂಚಿಕೊಟ್ಟೆ. ಇಬ್ಬರೂ ಸುಮ್ಮನೆ ಒಪ್ಪಿಕೊಂಡು ಒಳಗೆ ಹೋದರು. ನಮ್ಮ ತಾರಸಿಯಲ್ಲಿ ಅದೇ ತೀರ್ಪಿಗೆ ಮೂರು ವಾರ ಹಿಡಿದಿತ್ತು.

ಸಂಜೆಯ ಹೊತ್ತಿಗೆ ಸುಸ್ತಾಗಿ ನಾನೂ ಒಂದು ಮಫ್ಲರು ಕೇಳಿ ಪಡೆದೆ. ಅದರ ನೂಲಿನ ಸಂದಿಯಿಂದ ದಾರಿ ಕಾಣುವಷ್ಟು ಕಾಣುತ್ತದೆ. ಆದರೆ ಅವರ ಕಾನೂನಿನಲ್ಲಿ ಅದು ನೋಡಿದ ಲೆಕ್ಕವಲ್ಲ. ನಗು ಬಂತು. ನಮ್ಮ ಕಡೆ ರಸ್ತೆಯ ನಡುವೆ ಆಳುದ್ದದ ಗುಂಡಿಯಿದ್ದರೂ ದಿನಾ ಬಳಸಿಕೊಂಡು ಹೋಗುತ್ತೇವೆ, ಅದೂ ಮಫ್ಲರಿನ ಖರ್ಚಿಲ್ಲದೆ.

ಹಾಗಾದರೆ ಯಾರೂ ನೋಡಲು ಒಪ್ಪದ ವಿಷಯದ ಗತಿಯೇನು? ಅದಕ್ಕೆ ಅವರಲ್ಲಿ ಒಂದು ಮಾತಿದೆ: ‘ಲುವೆ.’ ಯಾರಾದರೂ ಒಬ್ಬರು ಬಾಯಿಬಿಟ್ಟು ಲುವೆ ಎಂದರೆ ಹಡಗಿನ ಕೆಲಸವೆಲ್ಲ ನಿಲ್ಲಬೇಕು. ಎಲ್ಲರೂ ಬಂದು ಮಫ್ಲರು ಇಳಿಸಿ, ಅದೊಂದೇ ವಿಷಯವನ್ನು, ನೋಡುವುದಕ್ಕೆ ಏನೂ ಉಳಿಯದಷ್ಟು ಹೊತ್ತು ನೋಡಬೇಕು. ಆಮೇಲೆ ಅದು ಎಲ್ಲರ ಹೊಣೆ. ತನ್ನ ವಿಷಯಕ್ಕೆ ತಾನೇ ಲುವೆ ಎನ್ನುವಂತಿಲ್ಲ, ಬೇರೆ ಯಾರಾದರೂ ಮೊದಲು ಎನ್ನಬೇಕು. ಒಂದು ವಿಷಯಕ್ಕೆ ಒಂದೇ ಸಲ ಲುವೆ. ತಪ್ಪಾಗಿ ಕಂಡರೂ ಮತ್ತೆ ಕೇಳುವಂತಿಲ್ಲ. ಅದಕ್ಕೇ ಆ ಮಾತನ್ನು ಆಡಲು ಎಲ್ಲರೂ ಹೆದರುತ್ತಾರೆ. ಓಯಿ ಹುಟ್ಟಿದ ಮೇಲೆ ಈ ಹಡಗಿನಲ್ಲಿ ಆ ಮಾತು ಒಂದೇ ಸಲ ಅವನ ಕಿವಿಗೆ ಬಿದ್ದಿತ್ತಂತೆ.

“ಕನ್ನಡದಲ್ಲಿ ಅದಕ್ಕೆ ಏನಂತಾರೆ?” ಎಂದು ಕೇಳಿದೆ.

‘ತಮಾಷೆ ಮಾಡುತ್ತಿದ್ದೀರಾ’ ಎಂಬಂತೆ ಅವನು ನನ್ನ ಕಡೆ ನೋಡಿ ಮುಂದೆ ನಡೆದ. ಆಗಲೇ ಬಿಡಿಸಿ ಕೇಳಬೇಕಿತ್ತು.

ಮೂರನೆಯ ದಿನ: ಊಟದ ಓಣಿಯಲ್ಲಿ

ತೂಮೆಯವರ ಊಟ ಬಿಳಿ ಮುದ್ದೆ. ಸಾರಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತು ತಿನ್ನುತ್ತಾರೆ. ಗಿಡಕ್ಕೆ ನೀರು ಹಾಕಿ ಸೊಂಟ ಹಿಡಿದಿದ್ದ ನನಗೆ ಅದೂ ಅಮೃತದಂತೆ ಕಂಡಿತ್ತು. ಇನ್ನೇನು ಬಾಯಿಗಿಡಬೇಕು, ಒಬ್ಬ ಮುದುಕಿ ಬಂದು ನನ್ನ ಎದುರು ನಿಂತಳು. ಅವಳು ಬಂದ ಕೂಡಲೇ ಓಣಿಯಲ್ಲಿದ್ದವರೆಲ್ಲ ಮಫ್ಲರನ್ನು ಇನ್ನೂ ಮೇಲಕ್ಕೆ ಎಳೆದುಕೊಂಡರು.

ಹೆಸರು ನಮಿ. ಆ ಕೇರಿಯ ಮಫ್ಲರೆಲ್ಲ ಅವಳು ನೇಯ್ದವೇ. ಅವಳು ಮಾತು ಶುರುಮಾಡಿದಳು, ಓಯಿ ಅನುವಾದಿಸತೊಡಗಿದ. “ನನ್ ರೂಮಿನ ಗೋಡೆ ಒದ್ದೆ ಆಗ್ತಿದೆ ಮೇಡಂ. ನಾಳಿದ್ದು ನನ್ನ ಇಲ್ಲಿಂದ ಕಳಿಸ್ತಾರೆ. ಆದ್ರೆ ಅದು...”

ಗೋಡೆ ಒದ್ದೆ! ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಎದ್ದರೆ ನನ್ನ ಕಿವಿಗೆ ಬೀಳುವ ಮಾತು ಇದೇ. ಆಕಾಶಕ್ಕೆ ಬಂದರೂ ಬಿಡಲಿಲ್ಲವಲ್ಲ ಎನಿಸಿತು. ಕಣ್ಣು ಮುದ್ದೆಯ ಮೇಲಿತ್ತು. ಬಾಯಿ ತಾನಾಗಿಯೇ ಅಂದುಬಿಟ್ಟಿತು: “ಆಯ್ತು ಆಯ್ತು, ನೋಡೋಣ.”

ಓಯಿ ಕಲ್ಲಾದ. “ಓನರಕ್ಕ, ಹೇಳ್ಲಾ?” ಎಂದ. “ಯೋಳು, ಅದಕ್ಕೇನು” ಎಂದೆ. ಅವನು ಪಿಸುಮಾತಿನಲ್ಲಿ ‘ಲುವೆ’ ಎಂದ. ಅವನ ಬಾಯಿ ಮುಚ್ಚುವ ಮೊದಲೇ ಮುದುಕಿ ಹಡಗು ಅದುರುವಂತೆ ಕೂಗಿದಳು: “ಲುವೆ!” ಓಣಿ ಕೂಗಿತು. ಪಕ್ಕದ ಕೇರಿ ಕೂಗಿತು. ಕೂಗು ಬಳೆಯಿಂದ ಬಳೆಗೆ ದೂರ ಹೋಯಿತು. ಎಲ್ಲೋ ಒಳಗೆ ಸದಾ ಗುಂಯ್‌ಗುಡುತ್ತಿದ್ದ ಯಂತ್ರ ನಿಂತಿತು. ನನ್ನ ಕೈಯಲ್ಲಿದ್ದ ಮುದ್ದೆಯನ್ನು ಯಾರೋ ವಿನಯದಿಂದ ತೆಗೆದುಕೊಂಡು ಹೋದರು; ಕೆಲಸ ನಿಂತಿತು ಎಂದರೆ ಊಟವೂ ನಿಂತಂತೆ.

ಅದೇ ದಿನ: ಓಯಿಯ ನಿಘಂಟು

ಓಯಿಯನ್ನು ಒಂದು ಮೂಲೆಗೆ ಎಳೆದುಕೊಂಡು ಹೋದೆ. “ಏನೋ ಮಾಡ್ದೆ ನೀನು? ನಾನು ನೋಡೋಣ ಅಂದ್ರೆ ನೀನು ಲುವೆ ಅಂತೀಯ?”

“ಎರಡೂ ಒಂದೇ ಅಲ್ವಾ? ನಾವೆಲ್ಲ ಸೇರಿ ನೋಡೋಣ ಅಂತ. ನಿಘಂಟಲ್ಲಿ ಹಂಗೇ ಬರ್ದಿದ್ದೀನಿ.”

ನನಗೆ ಆಗ ಎಲ್ಲ ಅರ್ಥವಾಯಿತು. ಇವನು ನಮ್ಮ ಮನೆಗೆ ಬಂದ ದಿನದಿಂದ ನಾನು ದಿನಕ್ಕೆ ಎಷ್ಟು ಸಲ ನೋಡೋಣ ಎಂದಿದ್ದೇನೋ! ನಲ್ಲಿ ಸೋರುತ್ತದೆ ಅಕ್ಕ, ನೋಡೋಣ. ಸುಣ್ಣ ಹೊಡೆಸಿ ಅಕ್ಕ, ನೋಡೋಣ. ಇವನು ಬೆರಗಾಗಿ ಊರಿಗೆ ಬರೆದಿದ್ದ: ಹೂಡಿಯಲ್ಲಿ ಒಬ್ಬ ತಾಯಿಯಿದ್ದಾಳೆ, ನಾವು ಜೀವಮಾನಕ್ಕೆ ಒಮ್ಮೆ ಆಡಲು ಹೆದರುವ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾಳೆ. ನನ್ನ ಅಸಾಧಾರಣ ಪರಿಣತಿ ಎಂದರೆ ಇದು.

“ಓಯಿ, ನಮ್ಮಲ್ಲಿ ನೋಡೋಣ ಅಂದ್ರೆ ಆಗಲ್ಲ ಅಂತ ಕಣಪ್ಪ. ಮಕದ ಮೇಲೆ ಇಲ್ಲ ಅನ್ಬಾರ್ದು ಅಂತ ಅಂಗಂತೀವಿ.”

“ಕಿಟಕಿಗೆ ಸೊಳ್ಳೆ ಜಾಲರಿ ಕೇಳ್ದಾಗ ನೋಡೋಣ ಅಂದ್ರಿ. ನೀವು ನೋಡಕ್ ಬರ್ತೀರ ಅಂತ ನಾನು ಭಾನುವಾರ ಎಲ್ಲೂ ಹೋಗ್ತಿರ್ಲಿಲ್ಲ” ಎಂದ. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ಅಲ್ಲಿ ನೆಲವೂ ಇರಲಿಲ್ಲ.

ಮುದುಕಿಯನ್ನೇ ಕರೆಸಿ ಅವಳ ಮಾತು ಪೂರ್ತಿ ಏನೆಂದು ಕೇಳಿದ್ದೂ ಆಗಲೇ. ತೂಮೆಯವರಿಗೆ ದುಃಖವಾದರೆ ಕಣ್ಣಲ್ಲಿ ನೀರು ಬರುವುದಿಲ್ಲ, ಮೈಯೆಲ್ಲ ಆವಿಯಾಡುತ್ತದೆ. ಆ ಆವಿಗೆ ಕೋಣೆಯ ಗೋಡೆ ತೇವವಾಗುತ್ತದೆ. ನಮಿಯ ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ದುಃಖದಲ್ಲಿರುವವರ ಮನೆಯನ್ನು ನೋಡಿ ಮುಜುಗರ ಮಾಡಬಾರದೆಂದು ಎಲ್ಲರೂ ಮಫ್ಲರು ಏರಿಸಿ ದಾಟಿಹೋಗುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಮರ್ಯಾದೆಗೆ. ಆದರೆ ತೇವ ಪಕ್ಕದ ಮನೆಗಳಿಗೂ ಹಬ್ಬಿತು. ಹಾಗೆ ದುಃಖ ನಿಲ್ಲದವರನ್ನು ಒಣ ಹಡಗಿಗೆ ಕಳಿಸುವುದು ಪದ್ಧತಿ. ಅದರ ದಾರಿ ಬೇರೆ. ಹೋದವರು ತಮ್ಮ ಕೇರಿಯನ್ನು ಮತ್ತೆ ಕಾಣುವುದಿಲ್ಲ. ನಮಿ ಹೇಳುತ್ತಿದ್ದುದು ಒಂದೇ: ನನ್ನ ಅಳು ಎಂದೋ ಮುಗಿದಿದೆ, ಈ ನೀರು ನನ್ನದಲ್ಲ. ಅದನ್ನು ಪರೀಕ್ಷಿಸಲು ಯಾರಾದರೂ ಗೋಡೆಯನ್ನು ನೋಡಬೇಕು. ನೋಡುವವರೇ ಇರಲಿಲ್ಲ.

ಈಗ ನೋಡುತ್ತಾರೆ, ನನ್ನ ಬಾಯಿಚಪಲದಿಂದ. ನೋಡಿ ಏನೂ ತಿಳಿಯದಿದ್ದರೆ ಅವಳ ಒಂದೇ ಅವಕಾಶವೂ ಮುಗಿದು, ಅವಳು ಒಂಟಿಯಾಗಿ ಹೊರಡಬೇಕು.

ನಾಲ್ಕನೆಯ ದಿನ: ನಮಿಯ ಗೋಡೆ

ಕೋಣೆ ಚಿಕ್ಕದು. ಒಂದು ಮಗ್ಗ, ಒಂದು ಹಾಸಿಗೆ. ಜನ ಸಾಲಾಗಿ ಬಂದು, ಮಫ್ಲರು ಇಳಿಸಿ, ಗೋಡೆ ನೋಡಿ ಹೊರಗೆ ಓಣಿಯಲ್ಲಿ ಕೂರುತ್ತಿದ್ದರು. ಒದ್ದೆಯಿರುವುದು ಎಲ್ಲರಿಗೂ ಕಂಡಿತು. ಅದು ಎಲ್ಲಿಂದ ಬಂತೆಂದು ಒಬ್ಬರಿಗೂ ಕಾಣಲಿಲ್ಲ. ಗೋಡೆ ಕೆಲಸದವನೊಬ್ಬನಿದ್ದ, ಸಾಧು ಮನುಷ್ಯ. “ಗೋಡೆ ಗಟ್ಟಿಯಾಗಿದೆ ಮೇಡಂ. ಇದು ದುಃಖದ ನೀರೇ” ಎಂದ. ಅದನ್ನು ಕೇಳಿ ನಮಿ ಮಗ್ಗದ ಕಂಬ ಹಿಡಿದುಕೊಂಡು ನಿಂತಳು.

ನನಗೆ ಆ ಮಾತು ಎಲ್ಲಿಯೋ ಕೇಳಿದಂತಿತ್ತು. ಕೇಳಿದ್ದಲ್ಲ, ನಾನೇ ಆಡಿದ್ದು. ಹೋದ ವರ್ಷ ನಡುಮಹಡಿಯ ಹೆಣ್ಣುಮಕ್ಕಳು ಗೋಡೆಯ ತೇವ ತೋರಿಸಿದಾಗ, ರೂಮಿನೊಳಗೆ ಬಟ್ಟೆ ಒಣಗಿಸುತ್ತೀರಿ, ಅದಕ್ಕೇ ತೇವ ಎಂದು ಅವರನ್ನೇ ಗದರಿದ್ದೆ. ಕೆಳಗಿನ ರೂಮಿನ ಗಾರೆ ಕೆಲಸದ ಯಂಕಪ್ಪ ಅಲ್ಲೇ ನಿಂತಿದ್ದ. “ಅಕ್ಕಾರ, ಹುಡುಗ್ಯಾರ್ನ ಯಾಕ ಬೈತೀರಿ? ಗ್ವಾಡಿ ಒರಸಿ ಒಂದು ಪ್ಲಾಸ್ಟಿಕ್ ಹಾಳಿ ಹಚ್ಚಿ ಬಿಡ್ರಿ. ಹಾಳಿ ಹೊರಗ ಬೆವರಿದ್ರ ರೂಮಿನ ನೀರು, ಹಾಳಿ ಹಿಂದ ಬೆವರಿದ್ರ ಗ್ವಾಡಿ ನೀರು. ಗ್ವಾಡಿ ಸುಳ್ಳು ಹೇಳಂಗಿಲ್ಲರೀ” ಎಂದಿದ್ದ. ಅವನಿಗೂ ನಾನು ನೋಡೋಣ ಎಂದು ಹೇಳಿ ಕಳಿಸಿದ್ದೆ.

ಬ್ಯಾಗಿನಿಂದ ಚಟ್ನಿಪುಡಿಯ ಪ್ಲಾಸ್ಟಿಕ್ ಕವರು ತೆಗೆದು ಕತ್ತರಿಸಿದೆ. ನನ್ನ ಸೆರಗಿನಿಂದ ಗೋಡೆಯ ಒಂದು ಭಾಗವನ್ನು ಚೆನ್ನಾಗಿ ಒರೆಸಿ, ಪ್ಲಾಸ್ಟಿಕ್ಕನ್ನು ಅಂಟಿಸಿ, ನಾಲ್ಕು ಅಂಚಿಗೂ ಗಾಳಿಯಾಡದಂತೆ ಟೇಪು ಹಚ್ಚಿದೆ. ಯಂಕಪ್ಪನ ಮಾತನ್ನೇ ಹೇಳಿದೆ, ಓಯಿ ತಡಕಾಡಿ ಅನುವಾದಿಸಿದ. ಆಮೇಲೆ ಕಾಯುವುದು. ಆ ಗೋಡೆಯ ಪಕ್ಕ ಕೂತು ನಾನು ಮನೆದೇವರಿಗೆಲ್ಲ ಹರಕೆ ಹೊತ್ತೆ. ಅಷ್ಟು ದೂರದಿಂದ ಅವರಿಗೆ ಕೇಳಿಸುತ್ತದೋ ಇಲ್ಲವೋ ಎಂಬ ಅನುಮಾನವೂ ಇತ್ತು.

ಆ ಕಾಯುವಿಕೆಯಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಸಾವಿರಾರು ಜನ ಓಣಿಯಲ್ಲಿ ಕಣ್ಣುಬಿಟ್ಟು ಕೂತಿದ್ದರು. ಯಾರೂ ಹೊತ್ತಾಯಿತು ಎನ್ನಲಿಲ್ಲ, ಯಾರೂ ಕಳ್ಳಬಿದ್ದು ಮನೆಗೆ ಹೋಗಲಿಲ್ಲ. ಒಬ್ಬ ಮುದುಕಿಯ ಗೋಡೆಗಾಗಿ ಒಂದು ನಾಡು ಕೆಲಸ ಬಿಟ್ಟು ಕೂತಿತ್ತು. ಅವರ ಕಣ್ಣು ಗೋಡೆಯ ಮೇಲಷ್ಟೇ ನಿಲ್ಲಲಿಲ್ಲ. ನಿಧಾನವಾಗಿ ನಮಿಯ ಮೇಲೂ ಬಂತು. ಗಂಡ ಸತ್ತ ಮೇಲೆ ಅವಳನ್ನು ಯಾರೂ ನೋಡಿರಲಿಲ್ಲ. ಪಕ್ಕದ ಮನೆಯವಳು ಮೆಲ್ಲಗೆ, “ಎಷ್ಟು ಸಣ್ಣ ಆಗೋಗಿದ್ದೀಯಲ್ಲೇ” ಎಂದಳಂತೆ. ಓಯಿ ಅದನ್ನು ನನಗೆ ಹೇಳುವಾಗ ಅವನ ಮೈಯೇ ಸಣ್ಣಗೆ ಆವಿಯಾಡುತ್ತಿತ್ತು.

ದೀಪಗಳು ಒಂದು ಸುತ್ತು ಮಂದವಾಗಿ ಮತ್ತೆ ಬೆಳಗಿದವು; ಅಲ್ಲಿ ಅದೇ ಒಂದು ರಾತ್ರಿ. ಗೋಡೆ ಕೆಲಸದವನು ಪ್ಲಾಸ್ಟಿಕ್ಕಿನ ಎದುರು ಮಂಡಿಯೂರಿ ಕೂತವನು ಅಲುಗಾಡಿರಲಿಲ್ಲ. ನಾನು ಹೊರಗಡೆ ಬೆರಳಾಡಿಸಿದೆ. ಒಣಗಿತ್ತು. ಒಂದು ಅಂಚಿನ ಟೇಪು ಕಿತ್ತೆ. ಒಳಗಿನಿಂದ ನೀರು ಹನಿಹನಿಯಾಗಿ ನನ್ನ ಮೊಣಕೈಯವರೆಗೂ ಇಳಿಯಿತು.

ಗೋಡೆ ಬಿಚ್ಚಿದಾಗ ಕಂಡದ್ದು ಇಡೀ ಕೇರಿಯ ಕುಡಿಯುವ ನೀರಿನ ಕೊಳವೆ. ಅದರ ಬೆಸುಗೆ ಕೂದಲೆಳೆಯಷ್ಟು ಬಿಟ್ಟಿತ್ತು. ನಮಿಯನ್ನು ಕಳಿಸಿ ಕೋಣೆ ಮುಚ್ಚಿದ್ದರೆ ಅದು ಯಾರ ಕಣ್ಣಿಗೂ ಬೀಳದೆ ಪೂರ್ತಿ ಒಡೆಯುತ್ತಿತ್ತು. ಗೋಡೆ ಕೆಲಸದವನು ಕ್ಷಮೆ ಕೇಳಲಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಮಾತಿಲ್ಲ. ಮಫ್ಲರು ಪೂರ್ತಿ ಬಿಚ್ಚಿ ನಮಿಯ ಎದುರು ನಿಂತ, ತನ್ನನ್ನು ನೋಡಲಿ ಎಂದು. ಅವಳು ಬಹಳ ಹೊತ್ತು ಅವನನ್ನು ನೋಡಿದಳು. ಆಮೇಲೆ ತಾನೇ ನೇಯ್ದ ಆ ಮಫ್ಲರನ್ನು ಅವನ ಕುತ್ತಿಗೆಗೆ ಸುತ್ತಿದಳು. ನನಗೆ ತಡೆಯಲಾಗದೆ ಅಳು ಬಂತು. ಕಣ್ಣಿನಿಂದ ನೀರು ಸುರಿಯುವುದನ್ನು ಕಂಡು ಎಲ್ಲರಿಗೂ ಗಾಬರಿ. ಗೋಡೆಯವನು ಉಪಕರಣ ಹಿಡಿದು ನನ್ನ ಕಣ್ಣು ಬೆಸೆಯಲು ಓಡಿಬಂದ.

ಹೊರಡುವ ಹೊತ್ತು

ಮುಂದಿನ ದಿನಗಳಲ್ಲಿ ತೂಮೆಯವರು ನನಗೆ ಮಾಡಿದ ಉಪಚಾರ ನಮ್ಮ ಮನೆಯಲ್ಲಿ ಅಳಿಯನಿಗೂ ಆಗಿಲ್ಲ. ನನ್ನ ಮುದ್ದೆಗೆ ಮಾತ್ರ ಬಿಸಿಬಿಸಿ ಸಾರಿನಂಥ ಒಂದನ್ನು ಮಾಡಿಕೊಟ್ಟರು. ಚೆನ್ನಾಗಿರಲಿಲ್ಲ, ಪೂರ್ತಿ ಉಂಡೆ. ದಾರಿಯಲ್ಲಿ ಕಂಡವರೆಲ್ಲ ಮಫ್ಲರು ಇಳಿಸಿ ನೋಡುತ್ತಿದ್ದರು. ಒಬ್ಬೊಬ್ಬರು ನೋಡಿದಾಗಲೂ ನನಗೆ ಮೈ ಹಿಡಿಯಾಗುತ್ತಿತ್ತು. ಆ ಮರ್ಯಾದೆ ನಾನು ಆಡಿದ ಮಾತಿಗೆ. ಆ ಮಾತಿನ ಬಣ್ಣ ಗೊತ್ತಿರುವುದು ನನಗೂ ಓಯಿಗೂ ಮಾತ್ರ ಎಂಬ ನಾಚಿಕೆ.

ಹೊರಡುವ ದಿನ ನಮಿ ಬಂದಳು. ಎರಡೇ ಕಣ್ಣಿನವಳಿಗೆ ಎಷ್ಟು ಉದ್ದ ಬೇಕೆಂದು ತಿಳಿಯದೆ ಗೇಣುದ್ದದ ಒಂದು ಮಫ್ಲರು ನೇಯ್ದು ತಂದಿದ್ದಳು. ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಬರಲಿಲ್ಲ.

“ನಮಿಯಕ್ಕ, ನಿಂಗೊಂದು ಮಾತು ಯೋಳ್ಬೇಕು. ಅವತ್ತು ನೋಡೋಣ ಅಂದ್ನಲ್ಲ, ಅದು ನೋಡಕ್ಕಲ್ಲ. ನೀನು ಅತ್ಲಾಗೆ ಓಗ್ಲಿ ಅಂತ ಅಂದಿದ್ದು. ನಂಗೆ ಅಸಿವಾಗಿತ್ತು.”

ಓಯಿ ಐದೂ ಕಣ್ಣಿನಿಂದ ನನ್ನನ್ನು ನೋಡಿದ. ಇದನ್ನು ಹೇಳಿದರೆ ಅವನ ನಿಘಂಟು ತಪ್ಪೆಂದು ಅವನೇ ಸಾರಿದಂತೆ. “ಯೋಳಪ್ಪ” ಎಂದೆ. ಹೇಳಿದ.

ನಮಿಗೆ ಸಿಟ್ಟು ಬರಲಿಲ್ಲ. “ಗೊತ್ತಿತ್ತು ಕಣಮ್ಮ” ಎಂದಳು. “ನನ್ ಮಾತು ಅರ್ಧಾನೂ ಆಗಿರ್ಲಿಲ್ಲ, ನೀನು ನೋಡೋಣ ಅಂದ್ಬಿಟ್ಟೆ. ನಿಜವಾಗ್ಲೂ ನೋಡೋರು ಪೂರ್ತಿ ಕೇಳ್ತಾರೆ. ಅದಕ್ಕೇ ನಾನು ಜೋರಾಗಿ ಕೂಗಿದ್ದು. ಸ್ವಲ್ಪ ತಡ ಮಾಡಿದ್ರೂ ನೀನು ವಾಪಸ್ ತಗೊಂಡ್ಬಿಡ್ತಿದ್ದೆ.”

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅವಳ ನಾಲ್ಕು ಕೈಗಳಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೆ. ನನ್ನ ಬಾಯಿಂದ ಜಾರಿದ ಒಂದು ಪೊಳ್ಳು ಮಾತನ್ನು ಅವಳು ಕೆಳಗೆ ಬೀಳಲು ಬಿಡದೆ ಹಿಡಿದು, ನನ್ನ ಕೈಯಿಂದಲೇ ನಿಜ ಮಾಡಿಸಿದ್ದಳು. ಈ ವಯಸ್ಸಿನಲ್ಲಿ ನನಗೆ ಅಷ್ಟು ದೊಡ್ಡ ಉಪಕಾರ ಬೇರೆ ಯಾರೂ ಮಾಡಿಲ್ಲ. ಅದನ್ನೇ ಅವಳಿಗೆ ಹೇಳಿದೆ.

ಅವಳು ಗೇಣುದ್ದದ ಮಫ್ಲರನ್ನು ನನ್ನ ಕೈಗಿಟ್ಟು ಕೇಳಿದಳು. “ನಿಮ್ ಊರಲ್ಲಿ ಈ ಮಾತು ಹೇಳಿಸ್ಕೊಂಡೋರು ಆಮೇಲೆ ಏನ್ ಮಾಡ್ತಾರೆ?”

“ಕಾಯ್ತಾರೆ” ಎಂದೆ.

ಪ್ರತಿ ಮಾತಿಗೂ ತಡಕಾಡುತ್ತಿದ್ದ ಓಯಿ ಈ ಒಂದು ಮಾತನ್ನು ಮಾತ್ರ ತಕ್ಷಣ ಅನುವಾದಿಸಿದ.